ಕಾಯಿಸುವವನು

ಕಪ್ಪು ನಮಗೇ ಬಂತು.
ಟೆಂಪೋದಲ್ಲಿ ಸ್ಟೆಪ್ನಿ ಟೈರಿನ ಹೊಟ್ಟೆಯೊಳಗೆ ಕೂತಿದೆ,
ಬೈಯಪ್ಪನ ಟವೆಲ್ಲು ಹೊದ್ದು.
ಕೋಲಾರ ದಾಟಿ ಅರ್ಧ ಗಂಟೆಯಾದರೂ
ಯಾರೂ ಕೇಕೆ ಹಾಕುತ್ತಿಲ್ಲ.

ಮೊದಲು ಬಾಯಿ ಬಿಟ್ಟವನು ಕದಿರಪ್ಪ:
"ಅದಿ ಮನದಿ ಕಾದುರಾ."
ನಮ್ಮದಲ್ಲ ಕಣ್ರೋ ಅದು, ಬೂದಿಕೋಟೆಯವರದು.

ಗಂಗುಲಪ್ಪ ಸಿಡಿದ:
"ಮೂರು ಜನ ತೀರ್ಪುಗಾರರು, ಮೂವರೂ ಕಿವುಡರಾ?
ಅವರ ಸಾಲು ನೋಡಿದ್ಯಾ, ನಾಯಿ ಬಾಲ.
ನಾವು ಹನ್ನೆರಡು ಜನ
ಒಂದೇ ಮಂಡಿ ಬಗ್ಗಿದ ಹಾಗೆ ಬಗ್ಗಿದ್ವಿ."

"ಬಗ್ಗೋದಕ್ಕೂ ಕಪ್ಪು ಕೊಡ್ತಾರಾ?
ಹಾಗಿದ್ರೆ ನಮ್ಮಪ್ಪನಿಗೆ ಎಷ್ಟು ಬರಬೇಕಿತ್ತು, ಲೆಕ್ಕ ಹಾಕು.
ವರಸೆ ಕೇಳಿದ್ಯಾ, ವರಸೆ?
ಐದರಿಂದ ಏಳಕ್ಕೆ ಹಾರಿ
ಏಳರಿಂದ ಒಂದಕ್ಕೆ ಇಳಿದು
ಆ ಒಂದರ ಮೇಲೆ ಹದಿನಾಲ್ಕು ಜನ ನಿಂತರಲ್ಲ!"

"ನಿಂತರು. ಸದ್ದು ತೊಪ್ಪೆ ಬಿದ್ದಂಗೆ ಬಿತ್ತು."

"ತಣ್ಣಗಾಗಿದ್ದು ಚರ್ಮ ಕಣೋ. ಕೈಯಲ್ಲ."

ಎಂಬತ್ತೇಳಕ್ಕೆ ಎಂಬತ್ತೈದೂವರೆ.
ಆ ಒಂದೂವರೆ ಅಂಕ ಟೆಂಪೋದೊಳಗೆ ನೊಣದ ಹಾಗೆ
ಒಬ್ಬರ ಮೂಗಿನಿಂದ ಇನ್ನೊಬ್ಬರ ಮೂಗಿಗೆ ಹಾರುತ್ತಿದೆ.
ಶ್ರೀನಾಥ ಮೊಬೈಲಲ್ಲಿ ಹಿಡಿದದ್ದನ್ನು ತಿರುಗಿ ತಿರುಗಿ ಹಾಕುತ್ತಾನೆ.
ಮೊಬೈಲಿನ ಕಿವಿಗೆ
ಎಲ್ಲ ತಮಟೆಯೂ ತಗಡೇ.

ನಾನು ಬಾರಿಸುವವನಲ್ಲ.
ರೋಣೂರು ತಂಡದ ಪಟ್ಟಿಯಲ್ಲಿ ನನ್ನ ಹೆಸರಿಲ್ಲ.
ಕಾಯುವುದು, ಕಾಯಿಸುವುದು, ಅಷ್ಟೇ ಕೆಲಸ.
ಕದಿರಪ್ಪನ ಚರ್ಮಕ್ಕೆ ಮೂರು ಉಸಿರು ಕಾವು,
ಶ್ರೀನಾಥನದು ಹೊಸದು, ಐದು ಬೇಕು.
ಒಂದು ಉಸಿರು ಕಡಿಮೆಯಾದರೆ ಗೊಣಗುತ್ತದೆ,
ಒಂದು ಹೆಚ್ಚಾದರೆ
ಮುಂದಿನ ಆಡು ಸಾಯುವವರೆಗೂ ಮಾತಿಲ್ಲ.

ಆದದ್ದು ಇಷ್ಟು.
ಬೂದಿಕೋಟೆಯವರು ಕಾಯಿಸಿಕೊಂಡು ಸಾಲು ನಿಂತ ಮೇಲೆ
ಮುಖ್ಯ ಅತಿಥಿಗಳು ಬಂದರು.
ಜಾನಪದ ಉಳಿಯಬೇಕು ಅಂತ ಮೂವತ್ತೈದು ನಿಮಿಷ ಮಾತಾಡಿದರು.
ಅಷ್ಟು ಹೊತ್ತೂ ಜನವರಿಯ ಗಾಳಿಯಲ್ಲಿ
ಹದಿನಾಲ್ಕು ಚರ್ಮ ಸಡಿಲವಾಗುತ್ತಾ ಬಂದವು.

ಅವರ ಹುಡುಗ, ನನ್ನ ಹಾಗೇ ಹುಬ್ಬು ಸುಟ್ಟುಕೊಂಡವನು,
ಗೇಟು ದಾಟಿ ಓಡಿಬಂದ.
"ಅಣ್ಣಾ, ಒಂದು ಹಿಡಿ ಗರಿ ಐತಾ?"
ಮುಗೀತು, ಅಂದೆ.
ಕೂತು ನನ್ನ ಬೂದಿಯನ್ನು ಕಡ್ಡಿಯಲ್ಲಿ ಕೆದಕಿ ನೋಡಿದ.
ನಂಬಿ ಹೋದ.

ಆ ಕಟ್ಟು ಈಗ ನನ್ನ ಕಾಲ ಕೆಳಗಿದೆ, ಗೋಣಿಯೊಳಗೆ.
ಗುಂಡಿ ಬಂದಾಗೆಲ್ಲ ಸರಬರ ಅನ್ನುತ್ತದೆ.
ನಾನು ಕೆಮ್ಮುತ್ತೇನೆ.

"ಮುಂದಿನ ವರ್ಷ ಫೈಬರ್ ತರೋಣ," ಶ್ರೀನಾಥ ಅಂದ.
"ಬೆಂಕಿಯ ಗೋಳೇ ಇಲ್ಲ. ಮಳೆ ಬಂದರೂ ಟಣ್ ಅನ್ನುತ್ತೆ."
ಎಲ್ಲರೂ ಒಮ್ಮೆ ನನ್ನನ್ನು ನೋಡಿ
ಆಮೇಲೆ ಕತ್ತಲನ್ನು ನೋಡಿದರು.

ಶ್ರೀನಿವಾಸಪುರದಲ್ಲಿ ಟೀಗೆ ಇಳಿದೆವು,
ಬಾಗಿಲು ಹಾಕಿದ ಮಾವಿನ ಮಂಡಿಗಳ ಎದುರು.
ಕದಿರಪ್ಪ ಕಪ್ಪು ತಂದ, ಮಂಡಿಯ ಮೇಲೆ ಬೋರಲು ಹಾಕಿದ,
ಸಣ್ಣ ಕಡ್ಡಿಯಲ್ಲಿ ಬಾರಿಸಿದ ಅವರ ವರಸೆ.
ಐದು. ಏಳು.
ಒಂದು ಬಂದಾಗ ಕಪ್ಪು ಕಿಣಿಕ್ ಅಂತು, ಅಷ್ಟೇ.
ಟೀಯವನ ಚಮಚ ಇದಕ್ಕಿಂತ ಜೋರು.

"ಇದರಲ್ಲಿ ಕೇಳಲ್ಲ. ಚಲಪತೀ,
ಗರಿ ಉಳಿದೈತಾ? ನನ್ನದು ಕಾಯಿಸು. ಇವರಿಗೆ ತೋರಿಸ್ತೀನಿ."

ಮುಗೀತು ಅನ್ನಲು ಬಾಯಿ ತೆರೆದೆ.
ಚಳಿಗೆ ಬರೀ ಹೊಗೆ ಬಂತು.

ಗೋಣಿ ಬಿಚ್ಚಿದೆ.
ಒಂದು ಇಡೀ ಕಟ್ಟು, ಹುರಿ ಕೂಡ ಬಿಚ್ಚಿರದ್ದು,
ಎಲುಬಿನಷ್ಟು ಒಣಗಿದ್ದು.
ಕದಿರಪ್ಪ ಕಟ್ಟು ನೋಡಿದ, ನನ್ನ ನೋಡಿದ.
ತಮಟೆ ಕೊಟ್ಟ.

ಒಂದು ಉಸಿರು.
ಎರಡು.
ಮೂರು.

ಈ ಸಲ ಒಂದು ಬಿದ್ದಾಗ
ಮಂಡಿಗಳ ತಗಡಿನ ಬಾಗಿಲೆಲ್ಲ ಅಂದವು
ಒಂದು.

ಗಂಗುಲಪ್ಪ ಟೀಯ ಚಿಲ್ಲರೆ ಎಣಿಸುತ್ತಿದ್ದವನು
ಮತ್ತೆ ಮೊದಲಿನಿಂದ ಎಣಿಸಿದ.
ಬೈಯಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ.
ಕಪ್ಪು ಬೆಂಚಿನ ಕೆಳಗೆ ಉರುಳಿತ್ತು.
ಹತ್ತುವಾಗ ಯಾರೋ ನೆನಪಿಸಬೇಕಾಯಿತು.