ಎರಡನೇ ಗೆಣ್ಣಿನ ತನಕ

ನಿಟ್ಟುವಳ್ಳಿಯ ನಮ್ಮ ತಾರಸಿಯಲ್ಲಿ
ಇಪ್ಪತ್ತೊಂದು ಕುಂಡ. ಕುಂಡವೆಂದರೆ ಕುಂಡವಲ್ಲ,
ಹನ್ನೊಂದು ಪೇಂಟಿನ ಡಬ್ಬ, ದೋಸೆ ಹೋಟೆಲಿನವರು ಕೊಟ್ಟ
ನಾಲ್ಕು ಎಣ್ಣೆ ಟಿನ್ನು, ಹಿಡಿ ಮುರಿದ ಬಕೆಟ್ಟು,
ಉಳಿದವು ಮಾತ್ರ ಮಣ್ಣಿನವು.

ಬೇಸಿಗೆಯಲ್ಲಿ ನಲ್ಲಿ ಬರುವುದು ಐದು ದಿನಕ್ಕೊಮ್ಮೆ.
ಆದರೂ ದಾಸವಾಳ ಸತ್ತದ್ದು ನೀರಿಲ್ಲದೆ ಅಲ್ಲ.
ಎಲೆ ಹಳದಿಯಾಗಿ, ಒಂದೊಂದೇ ಕಳಚಿ,
ಕಿತ್ತು ನೋಡಿದರೆ ಬೇರು
ಕೊಳೆತ ಬಾಳೆದಿಂಡಿನ ಹಾಗೆ ಕೈಯಲ್ಲಿ ಜಾರಿತು.

ಮಂಡಕ್ಕಿ ಭಟ್ಟಿಯ ಜೈಬುನಬಿ ಮೂಸಿ ನೋಡಿ ಹೇಳಿದಳು:
"ಮೇಲಿನ ಮಣ್ಣು ಸುಳ್ಳು ಹೇಳ್ತದೆ ಅಕ್ಕಾ.
ಬೆರಳು ಇಳಿಸು, ಎರಡನೇ ಗೆಣ್ಣಿನ ತನಕ.
ತಂಪು ಸಿಕ್ಕರೆ ಚೊಂಬು ಕೆಳಗಿಡು.
ಸಿಗದಿದ್ದರೆ ಹಾಕು, ತಳದ ತೂತಿಂದ ಇಳಿಯೋವರೆಗೆ.
ದಿನಾ ಒಂದೊಂದು ಗುಟುಕು ಕೊಡೋದು ಪ್ರೀತಿ ಅಲ್ಲ."

ಹೊಟ್ಟಿನ ಬೂದಿಯೂ ಅವಳದೇ. ಚೀಲದಲ್ಲಿ ತರುತ್ತಾಳೆ.
ಡಬ್ಬಕ್ಕೆ ಒಂದು ಹಿಡಿ, ಕಾಂಡಕ್ಕೆ ತಾಗದಂತೆ, ಅಂಚಿಗೆ.
ಶೇಂಗಾ ಹಿಂಡಿ ಮೂರು ದಿನ ನೆನೆಸುತ್ತೇನೆ;
ನಾತಕ್ಕೆ ಪಕ್ಕದ ಗುರುಸಿದ್ದಮ್ಮ ಕಿಟಕಿ ಮುಚ್ಚುತ್ತಾಳೆ.
ತೆಳ್ಳನೆ ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿ
ಹದಿನೈದು ದಿನಕ್ಕೊಮ್ಮೆ, ಅದೂ ಒದ್ದೆ ಮಣ್ಣಿಗೆ.
ಸೊರಗಿ ನಿಂತದ್ದಕ್ಕೆ ಗೊಬ್ಬರ ಹಾಕುವುದೆಂದರೆ
ಜ್ವರ ಬಂದವನಿಗೆ ಹೋಳಿಗೆ ಬಡಿಸಿದ ಹಾಗೆ.
ಬಾಳೆಹಣ್ಣಿನ ಸಿಪ್ಪೆಯೂ ಹೂಳುತ್ತೇನೆ. ಹಣ್ಣು
ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ತಿಂದದ್ದು.
ಇವರಿಗೆ ಅದು ಆಗುವುದಿಲ್ಲ.

ಇಷ್ಟು ಕಲಿತ ಮೇಲೂ ಮಲ್ಲಿಗೆ ಹಳದಿಗೆ ತಿರುಗಿತು.

ಮೊನ್ನೆ ರಾತ್ರಿ ಎರಡು ಗಂಟೆಗೆ ಮೆಟ್ಟಿಲಲ್ಲಿ ಚಪ್ಪಲಿ ಸದ್ದು.
ಹತ್ತಿ ನೋಡಿದರೆ ಇವರು,
ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ ಎಡಗೈ ಎದೆಗವಚಿ
ಬಲಗೈಯಲ್ಲಿ ಚೊಂಬು ಬಗ್ಗಿಸಿ
ಮಲ್ಲಿಗೆಗೆ ಸುರಿಯುತ್ತಿದ್ದರು, ಸಣ್ಣ ಧಾರೆ,
ಮಣ್ಣು ಗುಟುಗುಟು ಕುಡಿಯುವುದಕ್ಕೆ ಕಿವಿಗೊಟ್ಟು.

ವಾರಕ್ಕೆ ಮೂರು ಸಲ ಆಸ್ಪತ್ರೆಯ ಮೆಷಿನ್ನು.
ದಿನಕ್ಕೆ ಮುಕ್ಕಾಲು ಲೀಟರು,
ಚಹಾ, ಸಾರು, ಮಾತ್ರೆ ನುಂಗುವ ಗುಟುಕೂ ಸೇರಿ.
ಗೆರೆ ಎಳೆದ ಬಾಟಲಿಯೊಂದಿದೆ.
ಗೆರೆ ಎಳೆದವಳು ನಾನೇ.

"ಬಾಯಾರಿತ್ತು ಕಣೇ ಇದಕ್ಕೆ" ಅಂದರು.
ನಾನು ಬೆರಳು ಇಳಿಸಿ ನೋಡಲಿಲ್ಲ.

ಬೆಳಗ್ಗೆ ಇವರು ಏಳುವ ಮೊದಲು
ಆ ಡಬ್ಬವನ್ನು ಮಡಿಲಲ್ಲಿ ಓರೆ ಮಾಡಿಕೊಂಡು
ತಳಕ್ಕೆ ಮೊಳೆ ಬಡಿದು
ಇನ್ನೂ ನಾಲ್ಕು ತೂತು ಮಾಡಿದೆ.