ನಲವತ್ತು ಕ್ಯಾಂಡಲ್ ಬಲ್ಬು

ವಿರಾಜಪೇಟೆ ಕಾನ್ವೆಂಟಿನ ಪಿಯಾನೋದ ಹೊಟ್ಟೆಯೊಳಗೆ
ನಲವತ್ತು ಕ್ಯಾಂಡಲಿನ ಬಲ್ಬೊಂದು ಹಗಲೂ ರಾತ್ರಿ ಉರಿಯುತ್ತಿತ್ತು,
ಜೂನಿನಿಂದ ಅಕ್ಟೋಬರ್ ತನಕ. ಇಲ್ಲದಿದ್ದರೆ
ಉಣ್ಣೆಗೆ ಬೂಸ್ಟು, ತಂತಿಗೆ ತುಕ್ಕು,
ಕರಿ ಬಿಳಿ ಮನೆಗಳು ಒಂದಕ್ಕೊಂದು ಅಂಟಿ
ಒತ್ತಿದರೆ ಏಳುತ್ತಿರಲಿಲ್ಲ.
ಕಾವಿಗೆ ಕೂತ ಕೋಳಿ ಇದು, ಎನ್ನುತ್ತಿದ್ದರು ಸಿಸ್ಟರ್ ಲಿಯೋನಿಲ್ಲಾ.
ಯಾವ ಮರಿ, ಹೇಳಲಿಲ್ಲ.

ಶನಿವಾರ ಅಮ್ಮತ್ತಿಯಿಂದ ಎಂಟೂಕಾಲರ ಬಸ್ಸು.
ಪುಸ್ತಕದ ಮೇಲೆ ನಾಕ್ಟರ್ನ್ ಎಂದಿತ್ತು.
ರಾತ್ರಿಯದು, ಎಂದರು. ಆದರೆ ನಿದ್ದೆಯದಲ್ಲ.

ಎಡಗೈ: ಕೆಳಗೊಂದು ಹೆಜ್ಜೆ, ಮೇಲೆರಡು ಮೆಲ್ಲಗೆ.
ಕೆಳಗೊಂದು, ಮೇಲೆರಡು. ಅಷ್ಟೇ, ಕೊನೆತನಕ.
ಬಲಗೈ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತದೆ,
ಪ್ರತಿ ಸಲ ನಾಲ್ಕು ನಿರಿಗೆ ಹೆಚ್ಚು.
ಪಕ್ಕದ ಮನೆಯ ದೇಚವ್ವ ಸೀರೆಯುಟ್ಟ ಹಾಗೆ
ನಿರಿಗೆಯೆಲ್ಲ ಬೆನ್ನ ಹಿಂದೆ,
ಎದುರಿಂದ ಬಂದವರಿಗೆ ಏನೂ ಕಾಣದು.

ಇಲ್ಲಿ ಕದಿಯಬೇಕು, ಎಂದು ಪೆನ್ಸಿಲಿನಲ್ಲಿ ಗೀಟೆಳೆದರು.
ಸಿಸ್ಟರ ಬಾಯಲ್ಲಿ ಕದಿ ಎಂಬ ಮಾತು!
ಏನನ್ನು?
ಹೊತ್ತನ್ನು. ಈ ಸ್ವರದಿಂದ ಚಿಟಿಕೆ ತೆಗೆದು
ಮುಂದಿನದಕ್ಕೆ ಕೊಡು. ಎಡಗೈಗೆ ಗೊತ್ತಾಗದ ಹಾಗೆ.

ಬರಲಿಲ್ಲ. ಮಳೆಗಾಲ ಪೂರ್ತಿ ಬರಲಿಲ್ಲ.
ನಾನು ಕದ್ದರೆ ಎರಡೂ ಕೈ ಸಿಕ್ಕಿಬೀಳುತ್ತಿದ್ದವು.

ಅಪ್ಪ ತೋಟದ ರೈಟರ್.
ಜನವರಿಯ ಸಂಜೆ, ಕಣದಲ್ಲಿ ತಕ್ಕಡಿ,
ಹಣ್ಣಿನ ಚೀಲಗಳ ಸಾಲು. ನಾನು ಟಾರ್ಚ್ ಹಿಡಿದಿದ್ದೆ.
ಕರಿಯನದು ತೊಂಬತ್ತೆರಡು; ಅಪ್ಪ ತೊಂಬತ್ತು ಬರೆದ.
ಬಾಣಂತಿ ಬೊಳ್ಳಿಯದು ಮೂವತ್ತೊಂದು; ಮೂವತ್ತಮೂರು ಬರೆದ.
ಕೆಳಗಿನ ಮೊತ್ತದಲ್ಲಿ ಒಂದು ಗ್ರಾಮೂ ತಪ್ಪಿಲ್ಲ.
ಕರಿಯ ನೋಡಿದ. ಬೀಡಿ ಹಚ್ಚಿ
ಆಚೆ ಗುಡ್ಡದ ಕಡೆ ತಿರುಗಿದ.
ಅವನನ್ನು ಯಾರು ಕೇಳಿದ್ದರು, ಈಗಲೂ ಯೋಚಿಸುತ್ತೇನೆ.

ಮುಂದಿನ ಶನಿವಾರ ಬಾರಿಸಿದೆ.
ಸಿಸ್ಟರ್ ಪೆನ್ಸಿಲ್ ಕೆಳಗಿಟ್ಟರು.

ಕೊನೆಯಲ್ಲಿ ಒಮ್ಮೆ ಮಾತ್ರ ರಾತ್ರಿ ಸಿಟ್ಟಾಗುತ್ತದೆ:
ಮೇಲಿನ ಮನೆಗಳಲ್ಲಿ ನಾಲ್ಕೇ ಸ್ವರ
ದೀಪಕ್ಕೆ ಸಿಕ್ಕ ಹುಳದಂತೆ ಗಿರಗಿರ ಸುತ್ತಿ,
ಸುಸ್ತಾಗಿ, ಮೆಲ್ಲಗೆ ಇಳಿದು, ಮತ್ತೆ ಅದೇ
ಕೆಳಗೊಂದು, ಮೇಲೆರಡು.
ನಮ್ಮ ಪಿಯಾನೋದಲ್ಲಿ ಆ ನಾಲ್ಕರಲ್ಲೊಂದು ಮೂಕ.
ಮೂರು ಸ್ವರ, ಒಂದು ಮರದ ಟಕ್,
ಮೂರು ಸ್ವರ, ಒಂದು ಟಕ್.
ಆಮೇಲೆ ರೇಡಿಯೋದಲ್ಲಿ ಸರಿಯಾದದ್ದು ಕೇಳಿದಾಗ
ಯಾರೋ ನಡುವೆ ಬಾಯಿ ಹಾಕಿದಂತಾಯಿತು.

ಪಿಯಾನೋ ಈಗ ನನ್ನ ಮನೆಯಲ್ಲಿದೆ.
ಈ ಜೂನಿನಲ್ಲಿ ಬಲ್ಬು ಸುಟ್ಟಿತು.
ದೊಡ್ಡಟ್ಟಿ ಚೌಕಿಯ ಅಂಗಡಿ ಅಂಗಡಿ ಸುತ್ತಿದೆ.
ಈಗಿನವಕ್ಕೆ ಬೆಳಕಿದೆ, ಬಿಸಿಯಿಲ್ಲ.
ಐದನೆಯ ಅಂಗಡಿಯ ಹುಡುಗ ಅಟ್ಟ ಹತ್ತಿ
ಧೂಳಿನ ಡಬ್ಬವೊಂದನ್ನು ಇಳಿಸಿದ:
ಕೋಳಿಮರಿಗಾ, ಅಕ್ಕ?
ಹ್ಞೂಂ.
ಎಷ್ಟಿವೆ?
ಎಂಬತ್ತೆಂಟು, ಎಂದೆ. ಒಂದು ಕೂಗುವುದಿಲ್ಲ.