ಎರಡು ತೊಲಕ್ಕೆ ಎರಡು ಗುಲಗಂಜಿ ಕಡಿಮೆ

ಮತ್ರಾ ಸೂಕಿನ ಒಳಗಲ್ಲಿ. ಅಸರ್ ನಮಾಜು ಮುಗಿದ ಹೊತ್ತು.
ಪಕ್ಕದಂಗಡಿಯ ಲೋಬಾನದ ಹೊಗೆ, ನನ್ನ ಕುಲುಮೆಯ ಹೊಗೆ
ಯಾವುದು ಯಾವುದೆಂದು ತಿಳಿಯದಂತೆ ಬೆರೆತಿದ್ದವು.
ಹಿಲಾಲ್ ಬಂದ. ಕರವಸ್ತ್ರದ ಗಂಟು ಬಿಚ್ಚಿ
"ರಾಯ್ಕರ್, ಇದು ಬಂಗಾರವೋ?" ಎಂದ.

ಅಂಗೈಯ ಅರ್ಧವೂ ಇಲ್ಲ. ಮೊಟ್ಟೆಯಾಕಾರದ ಎಲೆಮಾಲೆ,
ನಡುವೆ ಎಡಕ್ಕೆ ಮೂತಿ ಮಾಡಿದ ಜಲಾಂತರ್ಗಾಮಿ,
ನೆತ್ತಿಯಲ್ಲಿ ರೆಕ್ಕೆ ಬಿಡಿಸಿದ ಹದ್ದು.
ಮೂವತ್ತೊಂದು ವರ್ಷ ಈ ಮಣೆಯ ಮೇಲೆ ಕೂತವನು ನಾನು,
ಕುಮಟೆಯಿಂದ ತಂದ ಒರೆಗಲ್ಲು ಅದೇ ಇದೆ.
ಎರಡು ಗೆರೆ ಎಳೆದೆ, ಎರಡೂ ಬೂದು.
ಒಂದರ ಮೇಲೆ ಆಸಿಡ್ಡಿನ ಹನಿ ಬಿಟ್ಟೆ:
ಬುಸ್ಸೆಂದಿತು, ಮಾಯವಾಯಿತು.

"ಸತು," ಎಂದೆ. "ಮೇಲೆ ಬಂಗಾರದ ನೀರು.
ಅದೂ ಹದ್ದಿನ ಕಂಕುಳಲ್ಲಷ್ಟೇ ಉಳಿದಿದೆ."
ತೂಕ, ಎರಡು ತೊಲಕ್ಕೆ ಎರಡು ಗುಲಗಂಜಿ ಕಡಿಮೆ.
ಲೋಹದ ಬೆಲೆ ಒಂದು ಚಹಾಕ್ಕೂ ಸಾಲದು.

ಅಜ್ಜನ ಪೆಟ್ಟಿಗೆಯಲ್ಲಿತ್ತಂತೆ, ಖಂಜರದ ಪಟ್ಟಿಯ ಕೆಳಗೆ.
ದೊಡ್ಡತ್ತೆ ಹೇಳುವುದು: ಬಲೆಗೆ ಸಿಕ್ಕಿದ್ದು.
ಚಿಕ್ಕತ್ತೆ: ಹಡಗಿನವನೊಬ್ಬ ಎರಡು ಚೀಲ ಒಣನಿಂಬೆಗೆ ಕೊಟ್ಟದ್ದು.
ಚಿಕ್ಕಪ್ಪನದು ಬೇರೆಯೇ ಕತೆ,
ಅದನ್ನೂ ಅವನು ದಿನಕ್ಕೊಂದು ತರಹ ಹೇಳುತ್ತಾನೆ.

ಮರುದಿನ ಹೈಕೆ ಎಂಬ ಜರ್ಮನ್ ಹೆಂಗಸನ್ನು ಕರೆತಂದ.
ರೂವಿಯ ಹೋಟೆಲಿನಲ್ಲಿ ಇಳಿದವಳು, ಇಂಥವನ್ನೇ ಕೊಳ್ಳುವವಳು.
ಬಂದವಳೇ ನನ್ನ ಕೈಯಿಂದ ಬ್ರಶ್ಶು ಕಸಿದಳು:
"ತೊಳೆಯಬೇಡ! ಕೊಳೆಗೆ ದುಡ್ಡಿದೆ."
ತಿಕ್ಕಿ ಬೆಳಗುವುದೇ ಹೊಟ್ಟೆಪಾಡಾದವನು
ಕೈ ಕಟ್ಟಿ ಕೂತೆ.

ಬೆನ್ನು ನೋಡಿದಳು, ಪಿನ್ನು ನೋಡಿದಳು, ಎಲೆ ಎಣಿಸಿದಳು.
"ಮೊದಮೊದಲು ಹಿತ್ತಾಳೆಯದು ಕೊಡುತ್ತಿದ್ದರು,
ಆಮೇಲೆ ಹಿತ್ತಾಳೆ ಮುಗಿಯಿತು."
ನನಗೆ ಅಷ್ಟು ಸಾಕಿತ್ತು. ಮನೆ ಮುಳುಗುವಾಗ
ತಾಳಿಯ ತೂಕ ವರ್ಷ ವರ್ಷ ಹೇಗೆ ಇಳಿಯುತ್ತದೆಂದು ಬಲ್ಲೆ.
ರಾಜ್ಯ ಸೋಲುವುದೂ ಹಾಗೆಯೇ ಇರಬೇಕು.

"ಅಸಲಿ," ಎಂದಳು.
ಆಮೇಲೆ ಭೂತಗನ್ನಡಿ ಹದ್ದಿನ ಉಗುರಿಗಿಳಿದು ನಿಂತಿತು.
ಅಲ್ಲಿರಬೇಕಾದ ಗುರುತು ಇರಲಿಲ್ಲ.
ದೀಪಾವಳಿಗೆ ಹೊಸ ಲೆಕ್ಕದ ಪುಸ್ತಕದ ಮೊದಲ ಹಾಳೆಯಲ್ಲಿ
ನಾನು ಕುಂಕುಮದಿಂದ ಬರೆಯುವ ಗುರುತು,
ಅದನ್ನೇ ಓರೆ ಮಾಡಿಕೊಂಡು ಅವರು ಏನೆಲ್ಲ ಮಾಡಿದರು.
ಯಾರೋ ಅರದಿಂದ ತಿಕ್ಕಿ ನುಣ್ಣಗೆ ಮಾಡಿದ್ದರು.
"ಇದ್ದಿದ್ದರೆ ಮುನ್ನೂರು ರಿಯಾಲ್," ಎಂದಳು ಹೈಕೆ,
ಕನ್ನಡಿ ಚೀಲಕ್ಕೆ ಹಾಕುತ್ತ. "ಈಗ ಮೂವತ್ತು."

ಅವಳು ಹೋದಮೇಲೆ ದೊಡ್ಡತ್ತೆಗೆ ಫೋನು ಮಾಡಿದ.
ಆಕೆ ನಕ್ಕದ್ದು ನನಗೂ ಕೇಳಿಸಿತು.
ಅಜ್ಜಿ ಮೌಝಾ ತಿಕ್ಕಿದ್ದಂತೆ, ಗಾಳ ಮಸೆಯುವ ಅರದಿಂದ.
ತೊಟ್ಟಿಲ ಬಟ್ಟೆಗೆ ಇದನ್ನೇ ಚುಚ್ಚಿಡುತ್ತಿದ್ದಳಂತೆ,
ಏಳು ಮಕ್ಕಳಿಗೂ. ಮೂರನೆಯದರ ಕೆನ್ನೆಗೆ ಚೂಪು ತಾಗಿ ಗೀರಿತ್ತು.
"ಆ ಮೂರನೆಯದು ನಾನೇ ಕಣೋ."

"ಮತ್ತೆ ಕೂರಿಸಬಲ್ಲೆಯಾ?" ಹಿಲಾಲ್ ದನಿ ತಗ್ಗಿಸಿದ.
"ದುಬೈಯಲ್ಲಿ ಬೇರೆ ಗಿರಾಕಿಗಳಿದ್ದಾರೆ."
ಬಲ್ಲೆ. ಸತುವಿಗೆ ಬೆಸುಗೆ ಕಷ್ಟ,
ಉರಿ ಒಂದು ಉಸಿರು ಹೆಚ್ಚಾದರೆ ಹದ್ದೇ ಕರಗಿ ಕೂರುತ್ತದೆ.
ಆದರೂ ಬಲ್ಲೆ. ನಾಲ್ಕು ಚೂರು ತಂತಿ, ವಿನೆಗರು, ಉಪ್ಪು,
ಕಿಟಕಿಯಾಚೆ ಮೂರು ದಿನ ಈ ಕಡಲಗಾಳಿ,
ಎಂಬತ್ತು ವರ್ಷದ ಮುಪ್ಪು ಬಂದುಬಿಡುತ್ತದೆ.

ಹೆಬ್ಬೆರಳು ತಾನಾಗಿ ಆ ನುಣುಪಿಗೆ ಹೋಯಿತು.
ಅರ ಹಾಕಿದ ಕೈ ನಮಗೆ ತಿಳಿಯುತ್ತದೆ.
ಕಲಿತ ಕೈ ಒಂದೇ ದಿಕ್ಕಿಗೆ ಹೋಗುತ್ತದೆ.
ಇದು ಹಿಂದಕ್ಕೂ ಮುಂದಕ್ಕೂ ಎಳೆದಾಡಿ
ನಡುವೆ ಒಮ್ಮೆ ನಿಂತು (ಮಗು ಎದ್ದಿರಬೇಕು)
ಮತ್ತೆ ಬೇರೆ ಕಡೆಯಿಂದ ಶುರುವಾಗಿತ್ತು.

"ಹಿಂದಿನ ಪಿನ್ನು ಬಾಗಿದೆ, ಅದೊಂದು ನೆಟ್ಟಗೆ ಮಾಡುತ್ತೇನೆ."
ಚೀಟಿ ಬರೆದೆ: ರಿಪೇರಿ, ಅರ್ಧ ರಿಯಾಲ್.
ಅವನಿಗೆ ಸಿಟ್ಟು ಬಂತೋ ಏನೋ. ಎಣಿಸಿ ಕೊಟ್ಟು ಹೋದ.

ಕತ್ತಲಾಗುವಾಗ ಒಬ್ಬಾಕೆ ಎರಡು ಬಳೆ ತಂದಳು.
ಕಲ್ಲಿನ ಮೇಲೆ ಆ ಇನ್ನೊಂದು ಬೂದುಗೆರೆ ಹಾಗೇ ಇತ್ತು.
ಎಣ್ಣೆ ಹಚ್ಚಿ ಒರೆಸಬಹುದಿತ್ತು.
ಪಕ್ಕದಲ್ಲಿ ಜಾಗ ನೋಡಿ ಉಜ್ಜಿದೆ.
ಇಪ್ಪತ್ತೆರಡು ಕ್ಯಾರೆಟ್ ಎಂದೆ.